ಚಿನ್ನಯ್ಯನ ಬಚ್ಚಲ ಹಂಡೆ

ಪುಂಜಾಲಕಟ್ಟೆಯ ಬೀಡಿ ಬ್ರಾಂಚಿನಲ್ಲಿ ಎಲ್ಲರೂ ಮನೆಯಲ್ಲಿ ಸುತ್ತಿ ತಂದ ಕಟ್ಟನ್ನು ಬಿಚ್ಚಿ, ಒಂದೊಂದು ಬೀಡಿಯನ್ನೂ ಹಿಂಡಿ ನೋಡುವ ಉಮ್ಮರ್ ಬ್ಯಾರಿ ಲೋಲಾಕ್ಷಿಯ ಕಟ್ಟನ್ನು ಮಾತ್ರ ಹಾಗೆಯೇ ಪೆಟ್ಟಿಗೆಗೆ ಇಳಿಸುತ್ತಿದ್ದ. "ಇದರಲ್ಲಿ ನೋಡುವುದಕ್ಕೆ ಎಂತ ಉಂಟು?" ಎನ್ನುತ್ತಿದ್ದ. ಆ ಶನಿವಾರವೂ ಹಾಗೆಯೇ ಆಯಿತು. ಎಲೆ, ಹೊಗೆಸೊಪ್ಪು ತೂಗಿ ಕೊಟ್ಟ ಮೇಲೆ ಮಾತ್ರ ಅವನು ಸ್ವರ ತಗ್ಗಿಸಿದ.

"ತಂಗೀ, ಡೊಂಬಯ್ಯಣ್ಣನ ಮನೆ ತೆಗೆದುಕೊಳ್ತೀರಂತೆ. ಒಳ್ಳೆಯದಾಯಿತು. ಸಂಘದ ಸಾಲಕ್ಕೆ ಜಾಮೀನು ಬೇಕಾದರೆ ನಾನು ಹಾಕ್ತೇನೆ. ಆದರೆ ಸಾಲ ನಿನ್ನ ಹೆಸರಲ್ಲಿರಬೇಕು."

"ನಮ್ಮ ಮನೆಯವರ ಹೆಸರಲ್ಲಾದರೆ?"

ಉಮ್ಮರ್ ತಕ್ಕಡಿಯ ಬಟ್ಟಲನ್ನು ಒರೆಸತೊಡಗಿದ.

ಡೊಂಬಯ್ಯನದು ರಸ್ತೆಗೆ ಮುಖ ಮಾಡಿದ ಸಣ್ಣ ಹಂಚಿನ ಮನೆ. ಎರಡು ಕೋಣೆ, ಒಂದು ಚಾವಡಿ, ಹಿಂದುಗಡೆ ಎಂದೂ ಬತ್ತದ ಬಾವಿ. ವಯಸ್ಸಾದ ಮೇಲೆ ಅವನು ಮೂಡುಬಿದಿರೆಯ ತಂಗಿಯ ಮನೆಗೆ ಹೋಗುವವನಿದ್ದ. ಅವನ ಮಾತು ಒಂದೇ. "ಪತ್ತನಾಜೆಯವರೆಗೆ ಕಾಯ್ತೇನೆ. ದೈವಗಳು ಗೆಜ್ಜೆ ಬಿಚ್ಚುವ ದಿನದ ಒಳಗೆ ಕಾಗದ ಆಗಬೇಕು. ಆಮೇಲೆ ಮಳೆ ಹಿಡೀತದೆ, ನಾನು ಸಿಕ್ಕಿದವರಿಗೆ ಕೊಟ್ಟು ಹೋಗ್ತೇನೆ."

ಪತ್ತನಾಜೆಗೆ ಇನ್ನು ಇಪ್ಪತ್ತು ದಿನ. ಇತ್ತ ಲೋಲಾಕ್ಷಿಯ ಸಂಸಾರವಿದ್ದ ಕೊಟ್ಟಿಗೆಗೆ ತಾಗಿದ ಬಾಡಿಗೆಯ ಬಿಡಾರವನ್ನು ಮಳೆಗಾಲದೊಳಗೆ ಬಿಡಬೇಕೆಂದು ಧನಿಗಳು ಎರಡು ಸಲ ಹೇಳಿ ಕಳುಹಿಸಿದ್ದರು. ಮೂರು ವರ್ಷದ ಮಗಳು ಪ್ರಫುಲ್ಲಾಳಿಗೆ ಆಗಲೇ ಕೆಮ್ಮು. ಸಂಜೆ ದೀಪ ಹಚ್ಚುವಾಗ ಲೋಲಾಕ್ಷಿ ದೇವರಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಈ ದೀಪವನ್ನಿಡಲು ಒಂದು ಸ್ವಂತ ಗೋಡೆ, ಅಷ್ಟೇ.

ಸೋಮವಾರ ಗಂಡ ಹೆಂಡತಿ ಬೆಳ್ತಂಗಡಿಯ ಸಹಕಾರಿ ಸಂಘಕ್ಕೆ ಹೋದರು. ಕಮಲಾಕ್ಷ ಹೋಟೆಲಿನಲ್ಲಿ ಅಡುಗೆಯವನು. ದಿನಾ ಎಣ್ಣೆ ಹಾಕಿ ಒರೆಸುವ ಸೈಕಲಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಬಂದಿದ್ದವನು ಸಂಘದ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟ.

"ನೀನೇ ಹೋಗಿ ಬಾ. ಸೈಕಲಿಗೆ ಕಾವಲು ಬೇಡವಾ?"

"ಹಗಲಲ್ಲಿ, ಪೇಟೆಯ ಮಧ್ಯದಲ್ಲಿ ಯಾರು ಕದಿಯುತ್ತಾರೆ?"

"ಹೋಗು ಮಾರಾಯ್ತಿ, ಹೊತ್ತಾಗ್ತದೆ."

ಒಳಗೆ ಸೆಕ್ರೆಟರಿ ಸುಬ್ಬಯ್ಯ ಅರ್ಜಿಯನ್ನು ಓದುತ್ತಾ ಗಂಡನ ಹೆಸರಿನಲ್ಲಿ ಬೆರಳಿಟ್ಟ. ಕನ್ನಡಕವನ್ನು ಹಣೆಗೇರಿಸಿ ಕಿಟಕಿಯಿಂದ ಹೊರಗೆ ನೋಡಿದ.

"ಅಮ್ಮ, ನಿಮಗೆ ಗೊತ್ತಿಲ್ಲವಾ? ನಿಮ್ಮ ಯಜಮಾನರು ಆರು ವರ್ಷದ ಹಿಂದೆ ಇದೇ ಪೇಟೆಯಲ್ಲಿ ಹೋಟೆಲು ಇಟ್ಟಿದ್ದರು. ಇಲ್ಲಿಂದಲೇ ಸಾಲ. ನಷ್ಟ ಬಂತು, ಒಂದು ಬೆಳಿಗ್ಗೆ ಬೊಂಬಾಯಿಗೆ ಹೋದರು. ಯಾರಿಗೂ ಹೇಳಲಿಲ್ಲ. ಜಾಮೀನು ಹಾಕಿದವ ಮುಂಡಾಜೆಯ ಚಿನ್ನಯ್ಯ. ಹೋಟೆಲಿಗೆ ಹಾಲು ಕೊಡುತ್ತಿದ್ದ ಬಡವ. ಅವನ ಮನೆ ಜಪ್ತಿಗೆ ನಾನೇ ಹೋಗಬೇಕಾಯಿತು."

ಲೋಲಾಕ್ಷಿ ಮದುವೆಯ ಮಾತುಕತೆಯಲ್ಲಿ 'ಹೋಟೆಲು ಪಾಲುಗಾರನಿಂದ ಮುಚ್ಚಿತು' ಎಂದಷ್ಟೇ ಕೇಳಿದ್ದಳು.

"ಸಾಲ ತೀರಿದೆಯಲ್ಲ?"

"ಸಂಘಕ್ಕೆ ತೀರಿದೆ. ಹೆಸರು ಕಪ್ಪು ಪಟ್ಟಿಯಲ್ಲೇ ಉಂಟು. ಅವರಿರುವ ಸಂಸಾರಕ್ಕೆ ಕಮಿಟಿ ಸಾಲ ಕೊಡುವುದಿಲ್ಲ. ದಾರಿ ಎರಡೇ. ನಷ್ಟವಾದ ಚಿನ್ನಯ್ಯ 'ನನಗೆ ತಕರಾರಿಲ್ಲ' ಅಂತ ಬರೆದು ಕೊಡಬೇಕು. ಬರೆದಾನಾ? ಇಲ್ಲದಿದ್ದರೆ..." ಸುಬ್ಬಯ್ಯ ಒಂದು ಹಾಳೆಯನ್ನು ಮುಂದೆ ಸರಿಸಿದ. "ನಿಮ್ಮದು ಅಳಿಯಕಟ್ಟು. ಗಂಡ ಅವನ ತಾಯಿಮನೆಗೆ ಸೇರಿದವ, ನೀವು ನಿಮ್ಮ ತಾಯಿಮನೆಗೆ. 'ನನ್ನ ವಾಸ ಬೇರೆ, ಗಂಡನ ವಾಸ ಬೇರೆ' ಅಂತ ರುಜು ಹಾಕಿ. ಯಾರೂ ಬಂದು ನೋಡುವುದಿಲ್ಲ. ಉಮ್ಮರನ ಜಾಮೀನು ಉಂಟಲ್ಲ."

ಅವಳು ಹಾಳೆಯನ್ನು ಮಡಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

ಹೊರಗೆ ಕಮಲಾಕ್ಷ ಅವಳ ಮುಖ ನೋಡಿದವನೇ ಸೈಕಲಿನ ಗಂಟೆಯನ್ನು ಉಜ್ಜತೊಡಗಿದ. ದಾರಿಯಲ್ಲಿ ಅವಳು ಹಾಳೆಯ ವಿಷಯವನ್ನಷ್ಟೇ ಹೇಳಿದಳು. ಮನೆ ಮುಟ್ಟಿದ ಮೇಲೆ ಅವನೇ ಬಾಯಿ ಬಿಟ್ಟ.

"ಸುಬ್ಬಯ್ಯ ಎಲ್ಲ ಹೇಳಿದನಾ? ಹೇಳಲಿ. ನಾನು ಕುಡಿದು ಹಾಳು ಮಾಡಿದ್ದಲ್ಲ, ಜೂಜಾಡಿದ್ದಲ್ಲ. ವ್ಯಾಪಾರ ಕೈಕೊಟ್ಟಿತು. ನಾಲ್ಕು ಜನರ ಮುಂದೆ ನಿಲ್ಲಲಿಕ್ಕೆ ಮುಖ ಇರಲಿಲ್ಲ."

"ಚಿನ್ನಯ್ಯಣ್ಣನಿಗೆ ಮುಖ ಇರಲಿಲ್ಲವಾ?"

"ಆ ಕಾಗದಕ್ಕೆ ರುಜು ಹಾಕು ಲೋಲಾ. ಮಗಳ ಕೆಮ್ಮು ಕೇಳುವುದಿಲ್ಲವಾ ನಿನಗೆ? ಕಾನೂನಿನಲ್ಲಿ ಅದು ಸುಳ್ಳೂ ಅಲ್ಲ."

ಮಗಳ ಮಾತು ಬಂದಾಗ ಲೋಲಾಕ್ಷಿಯ ಮನಸ್ಸು ತೂಗಾಡಿತು. ಒಂದು ರುಜು, ಅಷ್ಟೇ ತಾನೆ? ಆದರೂ ಮರುದಿನ ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ಅವಳು ಮುಂಡಾಜೆಯ ಬಸ್ಸು ಹತ್ತಿದಳು. ಚಿನ್ನಯ್ಯನ ಕಾಲಿಗೆ ಬಿದ್ದಾದರೂ ತಕರಾರಿಲ್ಲವೆಂಬ ಕಾಗದ ತರಬೇಕೆಂಬುದೇ ಅವಳ ಯೋಚನೆ.

ರಸ್ತೆಯಿಂದ ಒಳಗೆ ಅರ್ಧ ಮೈಲಿ. ಚಿನ್ನಯ್ಯ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟ ಅವನ ಹೆಂಡತಿ ಕಾವೇರಮ್ಮ "ಯಾವ ಊರಾಯಿತು ತಂಗಿ?" ಎಂದು ಕೇಳಿದಳು. ಲೋಲಾಕ್ಷಿ ಗಂಡನ ಹೆಸರನ್ನು ಹೇಗೋ ಬಾಯಿಂದ ಹೊರಡಿಸಿದಳು. ಚಿನ್ನಯ್ಯನ ಕೈಯಲ್ಲಿ ಬೆತ್ತ ನಿಂತಿತು. ಕಾವೇರಮ್ಮ ಮಾತ್ರ ನಕ್ಕಳು.

"ಓ, ನಮ್ಮ ಹೋಟೆಲಿನವರು! ಸುಖವಾಗಿದ್ದಾರಲ್ಲ? ಬಿಸಿನೀರಲ್ಲಿ ಮೀಯುತ್ತಾರಲ್ಲ? ಬಾ, ನಮ್ಮ ಬಚ್ಚಲು ನೋಡು, ಬಾ."

"ಕಾವೇರಿ, ಸಾಕು," ಎಂದ ಚಿನ್ನಯ್ಯ.

"ಯಾಕೆ ಸಾಕು? ನೋಡಲಿ."

ಬಚ್ಚಲಿನ ಒಲೆ ದೊಡ್ಡದು, ಹಂಡೆ ಕೂರಿಸಲೆಂದೇ ಹಾಕಿದ್ದು. ಆ ಅಗಲವಾದ ಬಾಯಿಯಲ್ಲಿ ಮೂರು ಕಲ್ಲಿಟ್ಟು, ಅದರ ಮೇಲೊಂದು ಮಣ್ಣಿನ ಮಡಕೆ. ಮಡಕೆಯ ಕಂಠ ಬಿರಿದಿತ್ತು, ಸಗಣಿ ಸುಣ್ಣ ಮೆತ್ತಿದ್ದರು.

"ನನ್ನ ಅತ್ತೆಯ ಅತ್ತೆ ತಂದ ತಾಮ್ರದ ಹಂಡೆ. ಬಾಣಂತಿಯರು ಮಿಂದದ್ದು ಅದರಲ್ಲಿ, ಅತ್ತೆ ಸತ್ತಾಗ ಮೀಯಿಸಿದ್ದು ಅದರಲ್ಲಿ. ಜಪ್ತಿಯವರು ಅಂಗಳದಲ್ಲಿ ಮಗುಚಿ ಹಾಕುವಾಗ ನೀರು ಇನ್ನೂ ಬಿಸಿ ಇತ್ತು ತಂಗಿ. ಎಮ್ಮೆಯನ್ನೂ ಎಳೆದುಕೊಂಡು ಹೋದರು. ಅವು ಹೋದದ್ದಕ್ಕೆ ನಾನು ಅಳಲಿಲ್ಲ. ನಿನ್ನ ಯಜಮಾನರು ಒಮ್ಮೆ ಬಂದು 'ಹೀಗಾಯಿತು ಚಿನ್ನಯ್ಯಣ್ಣ' ಅಂತ ಒಂದು ಮಾತು ಹೇಳಿದ್ದರೆ..."

ತಾನು ಬಂದ ಕೆಲಸವನ್ನು ಲೋಲಾಕ್ಷಿ ಹೇಳಲಿಲ್ಲ. ಆ ಮಡಕೆಯ ಮುಂದೆ ನಿಂತು ಕಾಗದ ಕೇಳುವ ನಾಲಗೆ ಅವಳಿಗಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದವಳು ಸೆರಗಿನ ಗಂಟು ಬಿಚ್ಚಿ, ಹಾಳೆಯನ್ನು ಗಂಡನ ಮುಂದಿಟ್ಟಳು.

"ನಾನು ಮುಂಡಾಜೆಗೆ ಹೋಗಿದ್ದೆ. ಅವರ ಬಚ್ಚಲು ನೋಡಿ ಬಂದೆ. ಹಂಡೆ, ಎಮ್ಮೆ ಎರಡೂ ಜಪ್ತಿಗೆ ಹೋಗಿವೆ."

ಕಮಲಾಕ್ಷನ ಮುಖ ಇಳಿಯಿತು. "ಬೈದರಾ?"

"ಬೆಲ್ಲ ನೀರು ಕೊಟ್ಟರು." ಅವಳು ಹಾಳೆಯ ಮೇಲೆ ಬೆರಳಿಟ್ಟಳು. "ಈ ಕಾಗದದ ಮಾತು ಸತ್ಯವಾದರೆ ನೀವು ನಮ್ಮ ಹೊಸ ಮನೆಯ ಹೊಸಿಲು ದಾಟಬಾರದು. ಸುಳ್ಳಾದರೆ ನಾನು ರುಜು ಹಾಕುವುದಿಲ್ಲ. ಯಾವುದೆಂದು ನೀವೇ ಹೇಳಿ."

"ಮತ್ತೆ ಮಳೆಗೆ ಎಲ್ಲಿಗೆ ಹೋಗುವ? ಆ ಬ್ಯಾರಿ ನಿನ್ನನ್ನು ನಂಬುತ್ತಾನೆ, ಸುಬ್ಬಯ್ಯ ನಿನ್ನನ್ನು ನಂಬುತ್ತಾನೆ..."

"ಅದಕ್ಕೇ."

ಅವನು ಎದ್ದು ಅಂಗಳಕ್ಕೆ ಹೋದ. ಎರಡು ದಿನ ಹಾಳೆ ಅಲ್ಲೇ ಬಿದ್ದಿತ್ತು. ಬೀಡಿ ಸುತ್ತುವಾಗ ಲೋಲಾಕ್ಷಿಯ ಕಣ್ಣು ಮತ್ತೆ ಮತ್ತೆ ಆ ಹಾಳೆಯ ಕಡೆ ಹೋಗುತ್ತಿತ್ತು. ಮಗಳು ಕೆಮ್ಮಿದಾಗಲೆಲ್ಲ ಎಲೆ ಬಿಟ್ಟು ಎದ್ದು ನೋಡುತ್ತಿದ್ದಳು. ಎಂಟು ವರ್ಷದಲ್ಲಿ ಮೊದಲ ಸಲ ತನ್ನ ಕಟ್ಟಿನಲ್ಲಿ ಎರಡು ಬೀಡಿ ಸಡಿಲವಾದದ್ದನ್ನು ಅವಳೇ ಕಂಡು ಬಿಚ್ಚಿ ಸುತ್ತಿದಳು.

ಶುಕ್ರವಾರ ಬೆಳಿಗ್ಗೆ ಕಮಲಾಕ್ಷ ಸೈಕಲು ಹತ್ತಿ ಹೋದವನು ಹೋಟೆಲಿಗೂ ಹೋಗಿರಲಿಲ್ಲ. ಬೊಂಬಾಯಿಗೆ ಹೋದ ಕತೆ ನೆನಪಾಗಿ ಅವಳು ಅವನ ಟ್ರಂಕು ಇದೆಯೋ ಎಂದು ಎರಡು ಸಲ ನೋಡಿದಳು. ದೀಪ ಹಚ್ಚುವ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಒಬ್ಬ ಮನುಷ್ಯ ನಡೆದು ಬರುವುದು ಕಂಡಿತು. ತಲೆಯ ಮೇಲೆ ಏನೋ ಕೆಂಪಗೆ ಹೊಳೆಯುತ್ತಿತ್ತು.

ಮೂಡುಬಿದಿರೆಯ ಪಾತ್ರೆ ಅಂಗಡಿಯ ಹಂಡೆ. ಸೈಕಲು ಇರಲಿಲ್ಲ.

"ನಾಳೆ ನೀನೂ ಬಾ," ಎಂದ ಕಮಲಾಕ್ಷ, ಹಂಡೆಯನ್ನು ಇಳಿಸುತ್ತಾ. "ಒಬ್ಬನೇ ಹೋದರೆ ಅರ್ಧ ದಾರಿಯಿಂದ ತಿರುಗಿಯೇನು ಅಂತ ಹೆದರಿಕೆ."

ಮರುದಿನ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಲು ಪೇಟೆಯ ಉದ್ದಕ್ಕೂ ನಡೆಯಬೇಕಾಯಿತು. ಆರು ವರ್ಷದಿಂದ ತಲೆಯೆತ್ತಿ ನಡೆಯದಿದ್ದ ದಾರಿಯಲ್ಲಿ ಅವನು ಹಂಡೆ ಹೊತ್ತು ನಡೆದ. ಜವಳಿ ಅಂಗಡಿಯ ಜಗಲಿಯಿಂದ ಒಬ್ಬ ಕೂಗಿದ: "ಏನು ಕಮಲಾಕ್ಷ, ಪುನಃ ಹೋಟೆಲಾ? ಈ ಸಲ ಯಾರ ತಲೆಯ ಮೇಲೆ?"

"ನನ್ನ ತಲೆಯ ಮೇಲೆಯೇ ಮಾರಾಯ, ಕಾಣುವುದಿಲ್ಲವಾ?" ಎಂದ ಅವನು. ಹಿಂದೆ ನಡೆಯುತ್ತಿದ್ದ ಲೋಲಾಕ್ಷಿಗೆ ಅವನ ಕುತ್ತಿಗೆಯ ನರ ಬಿಗಿದಿರುವುದು ಕಾಣುತ್ತಿತ್ತು.

ಚಿನ್ನಯ್ಯನ ಅಂಗಳದಲ್ಲಿ ಹಂಡೆ ಇಳಿಸಿ ಅವನು ಕೈ ಮುಗಿದ. ಕಲಿತು ಬಂದ ಮಾತೆಲ್ಲ ಮರೆತುಹೋಗಿತ್ತು. "ಹೀಗಾಯಿತು ಚಿನ್ನಯ್ಯಣ್ಣ," ಎಂದ. "ಅವತ್ತೇ ಹೇಳಬೇಕಿತ್ತು. ಎಮ್ಮೆ ಇನ್ನೂ ಬಾಕಿ ಉಂಟು."

ಕಾವೇರಮ್ಮ ಹಂಡೆಯನ್ನು ಬೆರಳ ಗಂಟಿನಿಂದ ತಟ್ಟಿ, ಅದರ ನಾದ ಕೇಳಿದಳು.

"ಎಮ್ಮೆಯನ್ನೂ ತಲೆಯ ಮೇಲೆ ಹೊತ್ತು ತರಬಹುದಿತ್ತು," ಎಂದಳು. "ನಿಂತು ಏನು ನೋಡ್ತೀ? ಬಾವಿ ಅಲ್ಲೇ ಉಂಟು. ತುಂಬಿಸು."

ಕಮಲಾಕ್ಷ ಕೊಡದ ಮೇಲೆ ಕೊಡ ಸೇದಿ ಸುರಿದ. ಒಲೆ ಹೊತ್ತಿತು. ಆಗ ಚಿನ್ನಯ್ಯ ಲೋಲಾಕ್ಷಿಯ ಕಡೆ ತಿರುಗಿದ. "ಅವತ್ತು ನೀನು ಏನೋ ಕೇಳಲಿಕ್ಕೆ ಬಂದಿದ್ದಿ."

"ಇವತ್ತು ಅದಕ್ಕೆ ಬಂದದ್ದಲ್ಲ ಅಣ್ಣ."

"ಗೊತ್ತು. ಸಂತೆಯಲ್ಲಿ ಸುಬ್ಬಯ್ಯ ಸಿಕ್ಕಿ ಎಲ್ಲ ಹೇಳಿದ." ಅವನು ಕಮಲಾಕ್ಷನನ್ನು ನೋಡಿದ. "ಮನೆ ಯಾರ ಹೆಸರಿಗೆ?"

"ಅವಳ ಹೆಸರಿಗೆ," ಎಂದ ಕಮಲಾಕ್ಷ, ಕೈಯ ಹಗ್ಗ ಬಿಡದೆ. "ನಾನು ಅಲ್ಲಿ ಇರುವವ. ಇರಿಸಿಕೊಂಡರೆ."

ಕಾವೇರಮ್ಮ ಒಳಗಿನಿಂದ ಶಾಯಿ ಕುಡಿಕೆ, ಲೇಖನಿ ತಂದು ಜಗಲಿಯಲ್ಲಿಟ್ಟಳು. "ಬರೆಯುವುದಾದರೆ ಎಮ್ಮೆಯ ವಿಷಯವನ್ನೂ ಬರೆಯಿರಿ. ತಕರಾರಿಲ್ಲ, ಎಮ್ಮೆ ಬರಲಿಕ್ಕುಂಟು ಅಂತ."

ಚಿನ್ನಯ್ಯ ನಿಧಾನವಾಗಿ ಬರೆದ. ನೀರು ಕಾಯುವಷ್ಟರಲ್ಲಿ ಬರೆದು ಮುಗಿಯಿತು. ಪತ್ತನಾಜೆಗೆ ಇನ್ನೂ ಹದಿಮೂರು ದಿನವಿತ್ತು.

ಹೊರಡುವಾಗ ಲೋಲಾಕ್ಷಿ ಬಚ್ಚಲಿನ ಮೂಲೆಯಲ್ಲಿ ತೆಗೆದಿಟ್ಟಿದ್ದ ಬಿರಿದ ಮಡಕೆಯನ್ನು ನೋಡಿದಳು.

"ಅಕ್ಕ, ಇದನ್ನು ನನಗೆ ಕೊಡ್ತೀರಾ?"

"ಅಯ್ಯೋ, ಹೊಸ ಮನೆಗೆ ಒಡಕು ಮಡಕೆಯಾ? ಯಾಕೆ?"

"ಬಚ್ಚಲಿಗೆ. ನಿಮ್ಮ ಕೊಟ್ಟಿಗೆಗೆ ಎಮ್ಮೆ ಬರುವವರೆಗೆ ನಮಗೂ ಇದೇ."

ಕಾವೇರಮ್ಮ ಅವಳನ್ನೇ ನೋಡಿದಳು. ಆಮೇಲೆ ಮಡಕೆಯ ಮಸಿಯನ್ನು ತನ್ನ ಸೆರಗಿನಿಂದಲೇ ಒರೆಸಿ, ಹುಲ್ಲಿನ ಸಿಂಬಿ ಮಾಡಿ, ಕಮಲಾಕ್ಷನ ತಲೆಯ ಮೇಲೆ ಮೆಲ್ಲಗೆ ಇಟ್ಟಳು.