ಸೋಮವಾರ ಊಟಕ್ಕೆ ಬಾರದ ಚೈತ್ರಾ

ಬಸವಾಪಟ್ಟಣದ ಆಚೆ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ ಓದುವ ಚೈತ್ರಾ ಖೊಖೊ ಆಡಲು ಇಳಿದಳೆಂದರೆ ಹೋಟೆಲಿನ ಮುಂದೆ ಕೂತವರೂ ಚಹಾ ಲೋಟ ಹಿಡಿದೇ ಎದ್ದು ಬರುತ್ತಿದ್ದರು. ಅಂಥ ಹುಡುಗಿಗೆ ಈಗ ಎರಡು ಸುತ್ತು ಓಡುವಷ್ಟರಲ್ಲಿ ಏದುಸಿರು. ಮೆಟ್ಟಿಲು ಹತ್ತಿದರೆ ಎದೆ ಡವಡವ. ತಾಲ್ಲೂಕು ಪಂದ್ಯಕ್ಕೆ ಉಳಿದಿದ್ದದ್ದು ಎರಡೇ ತಿಂಗಳು.

"ಯಾರದೋ ಕಣ್ಣು ಬಿದ್ದೈತೆ," ಎಂದು ಅಜ್ಜಿ ದ್ಯಾಮಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದ್ದೇ ಬಂತು, ಚೈತ್ರಾಳ ಸುಸ್ತು ಹೋಗಲಿಲ್ಲ.

ಅದೇ ವಾರ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ನರ್ಸ್ ಅಂಬಿಕಾ ಚೈತ್ರಾಳ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರು. ಹಿಮೋಗ್ಲೋಬಿನ್ ಒಂಬತ್ತು! ಕಡೇ ಪಕ್ಷ ಹನ್ನೆರಡು ಇರಬೇಕಿತ್ತು. ಪಿಟಿ ಮೇಷ್ಟ್ರು ಸಿದ್ದಲಿಂಗೇಶ್ ಮುಖ ಸಪ್ಪೆಯಾಯಿತು.

"ಸದ್ಯಕ್ಕೆ ಆಟ ಬೇಡಮ್ಮ. ಮೈದಾನದಾಗೆ ತಲೆ ತಿರುಗಿ ಬಿದ್ರೆ ಏನು ಗತಿ? ಪಂದ್ಯಕ್ಕೆ ಮೊದ್ಲು ಇನ್ನೊಂದ್ಸಲ ರಕ್ತ ನೋಡ್ಸಾಣ. ಏರಿದ್ರೆ ನೀನು ತಂಡದಾಗೆ ಇರ್ತೀಯ, ಇಲ್ದಿದ್ರೆ ಇಲ್ಲ."

ಹುಡುಗಿ ದಾರಿಯುದ್ದಕ್ಕೂ ಅಳುತ್ತಾ ಮನೆಗೆ ಬಂದಳು. ನೋಡಿದವರ ಕರುಳು ಚುರ್ ಎನ್ನುವಂಥ ಅಳು ಅದು.

ಯಾರಿಗೂ ಅರ್ಥವಾಗದ್ದು ಒಂದೇ. ಆ ಶಾಲೆಯಲ್ಲಿ ಪ್ರತಿ ಸೋಮವಾರ ಬಿಸಿಯೂಟ ಮುಗಿದ ಮೇಲೆ ಮೇಷ್ಟ್ರೇ ನಿಂತು ದೊಡ್ಡ ಮಕ್ಕಳಿಗೆ ಕಬ್ಬಿಣಾಂಶದ ನೀಲಿ ಮಾತ್ರೆ ನುಂಗಿಸುತ್ತಾರೆ. ಚೈತ್ರಾಳ ಗೆಳತಿಯರು ಜಿಂಕೆಗಳ ಹಾಗೆ ಓಡಾಡಿಕೊಂಡಿದ್ದಾರೆ. ಇವಳಿಗೊಬ್ಬಳಿಗೇ ಯಾಕೆ ಹೀಗೆ?

ಜಾಡು ಸಿಕ್ಕಿದ್ದು ಬಿಸಿಯೂಟದ ಅಡುಗೆಯ ಗಾದ್ರಮ್ಮನಿಗೆ. ಯಾವ ಮಗು ಎರಡು ಸಲ ಸಾಂಬಾರು ಕೇಳುತ್ತದೆ, ಯಾವುದು ಪಲ್ಯವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತದೆ, ಎಲ್ಲ ಆಕೆಗೆ ಬಾಯಿಪಾಠ. ಅಂದು ಸಂಜೆ ಸೌಟು ಕೆಳಗಿಟ್ಟವರೇ ಸೀದಾ ದ್ಯಾಮಮ್ಮನ ಜಗುಲಿಗೆ ಬಂದು ಕೂತರು.

"ಅಜ್ಜೀ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಐದು ವಾರದಿಂದ ಸೋಮವಾರ ನಿಮ್ಮ ಚೈತ್ರಾ ಊಟಕ್ಕೇ ಬಂದಿಲ್ಲ. ಕೇಳಿದ್ರೆ ಹಸಿವಿಲ್ಲ ಅಂತಾಳೆ. ಮನೆಯಿಂದ ಏನಾದ್ರೂ ಕಟ್ಟಿ ಕಳಿಸ್ತೀರಾ?"

"ಕಟ್ಟಿ ಕಳ್ಸಾಕೆ ಅದೇನು ಮಧ್ಯಾಹ್ನ ಉಣ್ಣೋ ದಿನಾನೇನೇ?" ದ್ಯಾಮಮ್ಮ ಹೆಮ್ಮೆಯಿಂದ ಹೇಳಿದರು. "ಇವರ ತಂಡ ತಾಲ್ಲೂಕಿನಾಗೆ ಗೆಲ್ಲಲಿ ಅಂತ ಹದಿನಾರು ಸೋಮವಾರದ ಹರಕೆ ಹೊತ್ತೀನಿ. ಅವಳ ಕೈಲೇ ಉಪವಾಸ ಹಿಡಿಸೀನಿ. ಬೆಳಿಗ್ಗೆ ಒಂದು ಲೋಟ ಚಾ. ಸಂಜೆ ಪೂಜೆ ಆದ್ಮೇಲೇನೇ ಊಟ."

"ಮತ್ತೆ ಊಟ ಆದ್ಮೇಲೆ ಮೇಷ್ಟ್ರು ಎಲ್ರನ್ನೂ ಕರ್ದು ಕೊಡೋ ಆ ನೀಲಿ ಮಾತ್ರೆ?"

"ಅದರ ಹೆಸರು ಎತ್ತಬ್ಯಾಡ! ಮೊದಲ್ನೇ ಸೋಮವಾರ ನುಂಗಿ ವಾಂತಿ ಮಾಡ್ಕಂಡ್ಲು. ಬಲೇ ಉಷ್ಣ ಅದು. 'ನಾಲಿಗೆ ಕೆಳಗೆ ಇಟ್ಕಂಡು, ಮೇಷ್ಟ್ರು ಆಚೆ ಹೋದ್ಮೇಲೆ ಉಗುದುಬಿಡೇ' ಅಂತ ನಾನೇ ಹೇಳಿಕೊಟ್ಟೀನಿ."

ಗಾದ್ರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಅಜ್ಜಿ! ಗೆಲ್ಲಲಿ ಅಂತ ಹರಕೆ ಹೊತ್ತು, ಓಡೋ ಹುಡುಗಿ ಶಕ್ತೀನೇ ತೆಗೆದ್ರಲ್ರೀ!"

ದ್ಯಾಮಮ್ಮನಿಗೆ ಸಿಟ್ಟು ನೆತ್ತಿಗೇರಿತು. "ದೇವರ ವಿಷಯಕ್ಕೆ ಬರಬ್ಯಾಡ ನೋಡು. ಮದುವೆ ಆದಾಗಿಂದ ನಾನು ಸೋಮವಾರ ಹಿಡಿದೀನಿ. ನನಗೇನಾಗೈತೆ?"

"ನಿಮಗೇನಾಗ್ತೈತೆ, ಗುಂಡುಕಲ್ಲಿನಂಗೆ ಇದೀರಿ. ಬೆಳೆಯೋದು ನೀವಾ, ಅವಳಾ? ಬನ್ನಿ, ನಾಳೆ ಆ ನರ್ಸಮ್ಮನ್ನೇ ಕೇಳಾಣ. ನನ್ನ ಮಾತು ಸುಳ್ಳಾದ್ರೆ ಮತ್ತೆ ನಿಮ್ಮನೆ ಕಡೆ ತಲೆ ಹಾಕಲ್ಲ."

ಮರುದಿನ ಚೈತ್ರಾಳನ್ನು ಕರೆದುಕೊಂಡು ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ಅಂಬಿಕಾ ಚೈತ್ರಾಳ ದಿನದ ತಿಂಡಿ, ಊಟದವರೆಗೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಬೈಯಲಿಲ್ಲ.

"ವಾರಕ್ಕೊಂದು ಉಪವಾಸದಿಂದಲೇ ರಕ್ತ ಇಷ್ಟು ಕಮ್ಮಿ ಆಗಲ್ಲ ಅಜ್ಜಿ. ದಿನಾ ಬೆಳಿಗ್ಗೆ ಇವಳು ತಿನ್ನೋದು ಏನು? ಚಾ, ಬನ್ನು. ಬೆಳೆಯೋ ವಯಸ್ಸು, ತಿಂಗಳಿಗೊಮ್ಮೆ ಮುಟ್ಟು ಬೇರೆ. ಅದರ ಮೇಲೆ ಮಾತ್ರೆನೂ ಉಗುದ್ರೆ ರಕ್ತ ಎಲ್ಲಿಂದ ಬರಬೇಕು? ಖಾಲಿ ಹೊಟ್ಟೆಗೆ ನುಂಗಿದ್ದಕ್ಕೆ ವಾಂತಿ ಆಗೈತೆ. ಊಟ ಆದ್ಮೇಲೆ ನೀರಿನ ಜೊತೆ ನುಂಗ್ಲಿ. ಹಿಂದೆ ಮುಂದೆ ಒಂದು ಗಂಟೆ ಚಾ ಬೇಡ, ಚಾ ಕುಡಿದ್ರೆ ಕಬ್ಬಿಣಾಂಶ ಮೈಗೆ ಹತ್ತಲ್ಲ. ಮಲ ಕಪ್ಪಗಾದ್ರೆ ಗಾಬರಿ ಬೀಳಬೇಡಿ."

"ಮೊಟ್ಟೆ ತಿನ್ಸು ಅಂತೀಯೇನವ್ವ? ನಮ್ಮನೇಲಿ ಅದು ನಡೆಯಾಕಿಲ್ಲ."

"ಬೇಡ ಬಿಡಿ. ನುಗ್ಗೆಸೊಪ್ಪಿಲ್ವಾ? ಹೆಸರುಕಾಳಿಲ್ವಾ? ಪಲ್ಯ ಮಾಡಿ, ಮೇಲೆ ನಿಂಬೆಹಣ್ಣು ಹಿಂಡಿ ಕೊಡಿ. ಚೆನ್ನಾಗಿ ಮೈಗೆ ಹತ್ತುತ್ತೆ."

ವೈದ್ಯರು ಚೈತ್ರಾಳನ್ನು ನೋಡಿ ದಿನವೂ ನುಂಗುವ ಮಾತ್ರೆ ಬರೆದರು, ಜಂತುಹುಳುವಿಗೂ ಒಂದು ಮಾತ್ರೆ ಕೊಡಿಸಿದರು. ಎಲ್ಲವೂ ಅಲ್ಲೇ ಉಚಿತವಾಗಿ ಸಿಕ್ಕಿತು.

ದ್ಯಾಮಮ್ಮನ ತಲೆಯಿಂದ ಮಾತ್ರೆಯ ಚಿಂತೆ ಹೋಗಿತ್ತು, ಹರಕೆಯ ಚಿಂತೆ ಹೋಗಿರಲಿಲ್ಲ. ಅರ್ಧಕ್ಕೆ ಬಿಟ್ಟರೆ ದೇವರು ಏನಂದುಕೊಂಡಾನು? ಬೆಂಚಿನ ಮೇಲೆ ಕೂತಿದ್ದ ಮೊಮ್ಮಗಳ ಬಿಳಿಚಿದ ತುಟಿಯನ್ನೇ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು.

"ಹರಕೆ ಹೊತ್ತೋಳು ನಾನು, ಅದನ್ನ ತೀರ್ಸೋಳೂ ನಾನೇ. ನೀನು ಉಣ್ಣೇ ನನ್ನವ್ವ. ಶಿವಂಗೆ ನಾನು ಹೇಳ್ಕತೀನಿ."

ಮುಂದಿನ ಸೋಮವಾರ ಊಟದ ಸಾಲಿನಲ್ಲಿ ಚೈತ್ರಾಳೇ ಮೊದಲು! ಗಾದ್ರಮ್ಮನ ಖುಷಿ ಹೇಳತೀರದು, ಒಂದು ಸೌಟು ಹೆಚ್ಚೇ ಬಡಿಸಿದರು. ಮನೆಯಲ್ಲಿ ಬೆಳಗಿನ ಚಹಾ, ಬನ್ನಿನ ಜಾಗಕ್ಕೆ ರೊಟ್ಟಿ, ಕಾಳುಪಲ್ಯ ಬಂತು. ರಾತ್ರಿ ಊಟವಾಗಿ ಮಾತ್ರೆ ನುಂಗಿದ ಮೇಲೆ ದ್ಯಾಮಮ್ಮನದು ಬೇರೆಯದೇ ತಪಾಸಣೆ. "ಆ ಅನ್ನು. ನಾಲಿಗೆ ಎತ್ತು. ಹ್ಞಾ, ಹೋಗೈತೆ." ತಿಂಗಳಿಗೆ ಹಿಮೋಗ್ಲೋಬಿನ್ ಹತ್ತೂವರೆಗೆ ಬಂತು. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ನೋಡಿದರೆ ಹನ್ನೆರಡು! "ಆಡಲಿ. ಆದ್ರೆ ನಾವು ಹೇಳೋ ತನಕ ಮಾತ್ರೆ ಮಾತ್ರ ನಿಲ್ಸಬೇಡಿ," ಎಂದರು ವೈದ್ಯರು. ಮೇಷ್ಟ್ರು ಅಲ್ಲೇ ನಿಂತು ಅವಳ ಹೆಸರು ಬರೆದುಕೊಂಡರು.

ಚನ್ನಗಿರಿಯ ಮೈದಾನ. ಕೊನೆಯ ಆಟ. ಎದುರು ತಂಡ ಅಟ್ಟಿಸಿಕೊಂಡು ಬರುತ್ತಿದೆ, ಅವರಿಗೆ ಒಂದೇ ಅಂಕ ಕಡಿಮೆ. ಜೊತೆಗಿದ್ದ ಇಬ್ಬರೂ ಔಟಾಗಿ ಚೈತ್ರಾ ಒಬ್ಬಳೇ ಉಳಿದಿದ್ದಾಳೆ. ಇನ್ನೂ ಒಂದು ನಿಮಿಷ ಬಾಕಿ. ಎತ್ತರದ ಹುಡುಗಿಯೊಬ್ಬಳು ಬೆನ್ನಿಗೇ ಬಿದ್ದಿದ್ದಾಳೆ. ಚೈತ್ರಾ ಎಡಕ್ಕೆ ಬಾಗಿದಳು, ಬಲಕ್ಕೆ ನುಸುಳಿದಳು, ಕಂಬ ಸುತ್ತಿ ಹಾರಿದಳು. ಆಟದ ನಿಯಮ ಗೊತ್ತಿಲ್ಲದ ದ್ಯಾಮಮ್ಮ ಹಗ್ಗದಾಚೆಯಿಂದ ಕೂಗುತ್ತಿದ್ದಾರೆ, "ಏಯ್ ಉದ್ದನ್ನೋಳೇ! ನಮ್ಮ ಹುಡುಗಿ ನಿಂಗೇನು ಮಾಡ್ಯಾಳೇ? ಬಿಡೇ ಅವಳನ್ನ!"

ಸೀಟಿ ಮೊಳಗಿತು. ಗೆದ್ದೇಬಿಟ್ಟರು!

ಕುಣಿಯುವ ಮಕ್ಕಳ ನಡುವೆ ದ್ಯಾಮಮ್ಮ ಕಾಣಲಿಲ್ಲ. ಹುಡುಕಿದರೆ ಎದುರು ತಂಡದವರ ಹತ್ತಿರ ಇದ್ದರು. ತಾವು ಬೈದಿದ್ದ ಅದೇ ಹುಡುಗಿ ಎದೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದಳು. ಅವಳ ಬೆನ್ನು ಸವರುತ್ತಾ ಕೇಳುತ್ತಿದ್ದರು, "ಯಾಕವ್ವ ಇಷ್ಟು ಏದುಸಿರು? ಬೆಳಿಗ್ಗೆ ಏನು ತಿಂದಿದ್ದೆ? ಶಾಲೇಲಿ ಕೊಡೋ ಮಾತ್ರೆ ನುಂಗ್ತೀಯೋ, ಉಗೀತೀಯೋ? ನಿಜ ಹೇಳು, ನಾನು ಯಾರಿಗೂ ಹೇಳಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನೀವು ಚನ್ನಗಿರಿಯವರಿರಲಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರಿರಲಿ, ಇವತ್ತು ಮಗು ಶಾಲೆಯಿಂದ ಬಂದ ಕೂಡಲೇ ಇದನ್ನೇ ಕೇಳಿ. ಹೆದರಿಸಿ ಕೇಳಬೇಡಿ, ಬೆನ್ನು ಸವರಿ ಕೇಳಿ. ನಿಮ್ಮ ಶಾಲೆಯಲ್ಲಿ ಯಾವ ದಿನ ಮಾತ್ರೆ ಕೊಡುತ್ತಾರೆಂದು ತಿಳಿದುಕೊಂಡು, ಆ ದಿನ ಮಗು ಹೊಟ್ಟೆ ತುಂಬ ಉಂಡಿರುವಂತೆ ನೋಡಿಕೊಳ್ಳಿ. ಸುಸ್ತು, ಏದುಸಿರು, ಬಿಳಿಚಿದ ತುಟಿ ಕಂಡರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ವ್ರತ, ಹರಕೆ ನಾವು ದೊಡ್ಡವರು ಹೊರೋಣ, ಮಕ್ಕಳು ಉಂಡು ಓಡಲಿ!