ಒಂದೇ ಹಲಗೆಯ ಮೇಲೆ ಮೂರೂರು

ಗುಡಗೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ದಾನೀಶ್, ಊರಿನ ದನಿ ಕಾಯುವ ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡಿದ್ದ. ಮೊಹರಂ ಪದ ಹಾಡುವ ಹಿರಿಯರ ಹಾಡು ದಾಖಲಿಸಿ, ಮೂರು ಊರುಗಳಲ್ಲಿಟ್ಟ ಮೂರು ಪುಟ್ಟ ಕಂಪ್ಯೂಟರ್ ಡಬ್ಬಿಗಳಲ್ಲಿ ಒಂದೊಂದು ಪ್ರತಿ ಇಡುತ್ತಿದ್ದ. ಒಂದು ಅವನ ಅಂಗಡಿಯಲ್ಲಿ, ಒಂದು ಯರಗುಪ್ಪಿಯ ದಿನಕರ ಮಾಸ್ತರರ ಮನೆಯಲ್ಲಿ, ಇನ್ನೊಂದು ತಿರ್ಲಾಪುರದ ಯುನೂಸನ ಹತ್ತಿರ. ಇಂಟರ್ನೆಟ್ಟಿನಲ್ಲಿ ಮೂರೂ ಒಂದಕ್ಕೊಂದು ಕೂಡಿಕೊಂಡಿದ್ದವು. ಒಂದು ಕೆಟ್ಟರೂ ಉಳಿದೆರಡರಲ್ಲಿ ಹಾಡು ಇದ್ದೇ ಇರುತ್ತದೆಂದು ಸಿಕ್ಕವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ.

ಆದರೆ ಡಬ್ಬಿಗಳು ಮಾತು ಕೇಳಬೇಕಲ್ಲ. ತಿರ್ಲಾಪುರದಲ್ಲಿ ಹೋದ ಕರೆಂಟು ತನ್ನ ಮರ್ಜಿ ಬಂದಾಗ ಬರುತ್ತಿತ್ತು. ಯರಗುಪ್ಪಿಯಲ್ಲಿ ಮಾಸ್ತರರ ಹೆಂಡತಿ ದ್ವಾರಕಾಬಾಯಿ, ಎಲ್ಲೋ ದೂರದಲ್ಲಿ ಗುಡುಗಿದರೂ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತುಬಿಡುತ್ತಿದ್ದರು. ಆಗ ದಾನೀಶನ ಫೋನಿನಲ್ಲಿ, ಆ ಡಬ್ಬಿ ನಡೆಯುತ್ತಿದೆಯೆಂದು ತೋರಿಸುವ ಹಸಿರು ಚುಕ್ಕೆ ಕೆಂಪಾಗುತ್ತಿತ್ತು.

“ಕಾಕೂ, ನಮ್ದೊಂದು ಬಿಟ್ಟು ಉಳಿದದ್ದು ಕೀಳ್ರಿ.”

“ಸಿಡ್ಲಿಗೆ ಅದು ನಿಂದು, ಇದು ನಂದು ಅಂತ ಗೊತ್ತಾಗ್ತದೇನಪಾ?”

ದಾನೀಶನಿಗೆ ಸಿಟ್ಟು ನೆತ್ತಿಗೇರಿತು. ಎರಡೂ ಡಬ್ಬಿ ಹೊತ್ತು ತಂದು, ತನ್ನದರ ಪಕ್ಕದಲ್ಲಿ ಒಂದೇ ಹಲಗೆಯ ಮೇಲೆ ಕೂರಿಸಿ, ಒಂದೇ ಇನ್ವರ್ಟರಿಗೆ ಜೋಡಿಸಿದ. ಅಂದಿನಿಂದ ಮೂರೂ ಚುಕ್ಕೆ ಹಸಿರು. ಡಬ್ಬಿಗಳು ಊರು ಬಿಟ್ಟ ಸುದ್ದಿಯನ್ನು ಮಾತ್ರ ಈ ಜಾಣ ಹಾಡಿದವರ ಮನೆಯವರಿಗೆ ಹೇಳಲೇ ಇಲ್ಲ. ಹೇಳಿದರೆ ತನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯುತ್ತದೆ?

ಮುಂಗಾರಿನ ಮೊದಲ ಸಿಡಿಲು ಅಂಗಡಿಯ ಪಕ್ಕದ ಕಂಬಕ್ಕೇ ಬಡಿಯಿತು. ಮೂರೂ ಡಬ್ಬಿ ಒಟ್ಟಿಗೆ ಸುಟ್ಟವು. ಹುಬ್ಬಳ್ಳಿಯ ರಿಪೇರಿಯವರೂ ಕೈಚೆಲ್ಲಿದರು.

ಆ ವಾರವೇ ರಾಜಮಾಬಿ ಬಂದರು. ಮೊಹರಂ ಪದ ಹಾಡುತ್ತಿದ್ದ ಅವರ ಗಂಡ ಮಶಾಕಸಾಬ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷ ತುಂಬುವ ದಿನ ಮನೆಮಂದಿಯೆಲ್ಲ ಕೂತು ಅವರ ಪದ ಕೇಳಬೇಕೆಂದಿದ್ದರು.

“ಖಾಲಾ, ಡಬ್ಬಿ ಸುಟ್ಟೈತ್ರಿ.”

“ಸುಡ್ಲಿ ಬಿಡಪಾ. ಯರಗುಪ್ಪಿದರಾಗಿಂದು ಕೊಡು.”

“ಅದೂ ಇಲ್ಲೇ ಇತ್ರಿ.”

“ತಿರ್ಲಾಪುರದ್ದು?”

“ಅದೂ ಇಲ್ಲೇ ಇತ್ರಿ. ನಾನಽ ತಂದಿಟ್ಟಿದ್ದೆ.”

ದಾನೀಶ ತಪ್ಪನ್ನು ಸಿಡಿಲಿನ ತಲೆಗೆ ಕಟ್ಟಬಹುದಿತ್ತು, ಬಾಯಿ ಬರಲಿಲ್ಲ. ಅವರು ನಾಲ್ಕು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ರಾಜಮಾಬಿ ಬೈಯಲಿಲ್ಲ. ಕೈಯಲ್ಲಿದ್ದ ತಮ್ಮ ಹಳೆಯ ಫೋನನ್ನು ಒಮ್ಮೆ ನೋಡಿದರು.

“ಇದರಾಗೂ ಅವರ ಪದದ್ದೊಂದು ಪ್ರತಿ ಇತ್ತು. ಜಾಗಾ ಸಾಲವಲ್ದು, ಅಳಸ್ಲೇನು ಅಂತ ಮೊಮ್ಮಗಳು ಕೇಳಿದ್ಲು. ಮೂರೂರಾಗ ಐತಿ, ಅಳಸಿಬಿಡವಾ ಅಂದೆ. ನೀ ಒಂದು ಮಾತು ಹೇಳಿದ್ದರ ಇಟ್ಕೋತಿದ್ನಿ.”