ಪ್ರೇಮಕ್ಕನ ಐದನೆಯ ಕಟ್ಟು

ಪ್ರೇಮಕ್ಕನ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಉಳಿದಂತೆ, ಬಸ್ಸಿನಲ್ಲಿ ಕೂತಾಗಲೂ, ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಕಾಯುವಾಗಲೂ, ಎದುರಿನವರ ಮಾತಿಗೆ ತಲೆದೂಗುವಾಗಲೂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಕೂಡಿ, ಕೈಯಲ್ಲಿಲ್ಲದ ಎಲೆಯೊಂದನ್ನು ಸುತ್ತುತ್ತಲೇ ಇರುತ್ತವೆ. ಸುತ್ತಿ, ತುದಿ ಮಡಚಿ, ಉಗುರಿನಿಂದ ಒಳಗೆ ಒತ್ತಿ, ಮತ್ತೊಂದಕ್ಕೆ ಹೊರಡುತ್ತವೆ. ಮೂವತ್ತೆಂಟು ವರ್ಷ ಬೀಡಿ ಕಟ್ಟಿದ ಕೈ ಅದು. ಬೀಡಿ ಬಿಟ್ಟರೂ ಬೀಡಿ ಆ ಕೈಯನ್ನು ಬಿಟ್ಟಿರಲಿಲ್ಲ.

ಮುಂಡಾಜೆಯಲ್ಲಿ, ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ಹೆದ್ದಾರಿಗೆ ಮುಖ ಮಾಡಿ, ಅವರದೊಂದು ತಾರಸಿ ಮನೆ. ಗಂಡ ಧರ್ಣಪ್ಪ ಮೊದಲು ಜೀಪು ಓಡಿಸುತ್ತಿದ್ದವರು. ಸೊಂಟ ಕೈಕೊಟ್ಟ ಮೇಲೆ ಜಗಲಿಯ ಕುರ್ಚಿ ಹಿಡಿದರು. ಮಗಳು ದೀಪಶ್ರೀ ಊರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹೊಗೆಸೊಪ್ಪಿನ ಧೂಳು ಕುಡಿದು ಕುಡಿದು ಎದೆಯೊಳಗೆ ಕೆಮ್ಮು ಮನೆ ಮಾಡಿದಾಗ, ಇನ್ನು ತಡ್ಪೆಯನ್ನು, ಎಂದರೆ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಆ ಗೆರಸೆಯನ್ನು, ಮುಟ್ಟಬಾರದೆಂದು ವೈದ್ಯರು ಹೇಳಿದರು. ಪ್ರೇಮಕ್ಕ ತಮ್ಮ ಭವಿಷ್ಯನಿಧಿಯನ್ನು ಬಿಡಿಸಿ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದರು. ಘಾಟಿ ಹತ್ತುವವರಿಗೆ, ಇಳಿದು ಬಂದವರಿಗೆ, ಯಾತ್ರೆಗೆ ಹೊರಟವರಿಗೆ ಒಂದು ರಾತ್ರಿಯ ಹಾಸಿಗೆ, ಬೆಳಗ್ಗೆ ನೀರುದೋಸೆ. ಆ ಎರಡು ಕೋಣೆಗಳಿರುವಷ್ಟು ದಿನ ತಡ್ಪೆ ಅಟ್ಟದ ಮೇಲಿರುತ್ತದೆ ಎಂಬುದೇ ಅವರ ಲೆಕ್ಕಾಚಾರ.

ನಿಯಮಗಳ ಮೇಲೆ ಅವರಿಗಿದ್ದ ಶ್ರದ್ಧೆಯನ್ನು ನೆನೆದರೆ ಈಗಲೂ ನಗು ಬರುತ್ತದೆ, ನಗುವಿನ ಹಿಂದೆಯೇ ಸಿಟ್ಟು ಬರುತ್ತದೆ. ಬಂದವರಿಗೆ ಬೆಲ್ಲ, ನೀರು ಕೊಟ್ಟಾದ ಮರುಕ್ಷಣ ರಿಜಿಸ್ಟರು ತೆರೆಯುತ್ತಿದ್ದರು. ಹೆಸರು, ಊರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಗುರುತಿನ ಚೀಟಿಯ ಪ್ರತಿ. ಒಮ್ಮೆ ಪುತ್ತೂರಿನಿಂದ ಒಡಹುಟ್ಟಿದ ಅಣ್ಣ ಡೊಂಬಯ್ಯ ಬಂದು ಮೇಲಿನ ಕೋಣೆಯಲ್ಲಿ ಮಲಗುತ್ತೇನೆಂದಾಗ ಅವನ ಮುಂದೆಯೂ ಅದೇ ರಿಜಿಸ್ಟರು.

"ನಿನ್ನ ಆಧಾರ್ ಉಂಟಾ ಅಣ್ಣ?"

"ಎಂತ ಪ್ರೇಮ, ನಿನಗೆ ನನ್ನ ಗುರ್ತ ಇಲ್ವಾ?"

"ನನಗೆ ಉಂಟು. ಪೊಲೀಸರಿಗೆ ಇಲ್ಲ."

ಡೊಂಬಯ್ಯ ಆ ರಾತ್ರಿ ಹಟಕ್ಕೆ ಜಗಲಿಯಲ್ಲೇ ಮಲಗಿದ. ಮತ್ತೊಮ್ಮೆ ಸೈಕಲಿನಲ್ಲಿ ಘಾಟಿ ಇಳಿದು ಇಬ್ಬರು ವಿದೇಶೀಯರು ಬಂದಿದ್ದರು. ಅಂಥವರು ತಂಗಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ಪಾಸ್‌ಪೋರ್ಟು, ವೀಸಾಗಳ ವಿವರವನ್ನು ಆನ್‌ಲೈನಿನಲ್ಲಿ ತಿಳಿಸಬೇಕು. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ದೀಪಶ್ರೀಯನ್ನು ನೀರಿನ ಟ್ಯಾಂಕಿನ ಮೇಲೆ ಹತ್ತಿಸಿ, ತಾವು ಕೆಳಗೆ ಏಣಿ ಹಿಡಿದು, "ಹೋಯ್ತಾ? ಹೋಯ್ತಾ?" ಎಂದು ಕೂಗುತ್ತ ನಿಂತಿದ್ದರಂತೆ. ತೆರಿಗೆಯ ವಿಷಯದಲ್ಲೂ ಅಷ್ಟೇ. ಇಷ್ಟು ಸಣ್ಣ ವಹಿವಾಟಿನಲ್ಲಿ ಬಾಡಿಗೆಯ ಮೇಲಿನ ಜಿಎಸ್‌ಟಿಯನ್ನು ಬುಕಿಂಗ್ ಆ್ಯಪಿನವರೇ ಕಟ್ಟುತ್ತಾರೆ, ನಿಮಗೆ ಆ ತಲೆನೋವಿಲ್ಲ ಎಂದರೆ ಸಾಲದು, ತಾನೂ ಏನಾದರೂ ಕೊಡಬೇಕಲ್ಲ ಎಂದು ಕೇಳಿಕೊಂಡು ಬಂದು, ಆದಾಯ ತೆರಿಗೆಯ ರಿಟರ್ನು ಸಲ್ಲಿಸಿ, ಅದರ ರಶೀದಿಯನ್ನು ದೇವರ ಪಟದ ಹಿಂದೆ ಇಟ್ಟರು. ಬೀಡಿ ಕಟ್ಟಿದ ಅಷ್ಟೂ ವರ್ಷಗಳಲ್ಲಿ ಕಾಣದ, ತಾನು ಕೊಟ್ಟದ್ದಕ್ಕೆ ಸರಕಾರದಿಂದ ಬಂದ ಮೊದಲ ರಶೀದಿ ಅದೆಂದು ನನಗೆ ಹೇಳಿದ್ದರು.

ಹೀಗಿರುವಾಗ ಒಂದು ದಿನ, ನೋಂದಣಿಯಿಲ್ಲದ ಹೋಂಸ್ಟೇಗಳೆಲ್ಲ ಮುಚ್ಚತಕ್ಕದ್ದು ಎಂಬ ನೋಟೀಸು ಬಂತು. ಆ್ಯಪಿನವರೂ ನೋಂದಣಿ ಸಂಖ್ಯೆ ಕೇಳಿದರು. ಅಲ್ಲಿಯವರೆಗೆ ಪಂಚಾಯತಿನ ಒಂದು ಪತ್ರದ ಮೇಲೆ ಎಲ್ಲರಂತೆ ನಡೆಸುತ್ತಿದ್ದ ಪ್ರೇಮಕ್ಕ ಅಂದೇ ಎರಡು ಕೋಣೆಗಳಿಗೆ ಬೀಗ ಹಾಕಿದರು. ಅದೇ ರಸ್ತೆಯಲ್ಲಿ ಎರಡು ತಿರುವು ಮೇಲೆ ಹನ್ನೆರಡು ಕೋಣೆಗಳ ಒಂದು 'ಹೋಂಸ್ಟೇ' ಉಂಟು. ಅದಕ್ಕೆ ನೋಂದಣಿಯಿಲ್ಲ, ರಿಜಿಸ್ಟರಿಲ್ಲ, ಮಾಲೀಕನು ಅದೇ ಮನೆಯಲ್ಲಿ ವಾಸವಿರಬೇಕೆಂಬ ನಿಯಮಕ್ಕೆ ಅಲ್ಲಿ ಮನೆಯೆಂಬುದೇ ಇಲ್ಲ. ಅದು ಒಂದು ದಿನವೂ ಮುಚ್ಚಲಿಲ್ಲ. ಪ್ರೇಮಕ್ಕನ ಗೇಟಿನಿಂದ ಹಿಂದಿರುಗಿದ ಕಾರುಗಳೆಲ್ಲ ನೆಟ್ಟಗೆ ಅಲ್ಲಿಗೇ ಹೋದವು.

ಅರ್ಜಿಯ ಕೆಲಸಕ್ಕೆಂದು ಅವರು ಬೆಳ್ತಂಗಡಿಯಲ್ಲಿರುವ ನನ್ನ ಮನೆಗೆ ಬಂದರು. ನಾನು ನಿವೃತ್ತ ಕನ್ನಡ ಮೇಷ್ಟ್ರು. ದೀಪಶ್ರೀಗೆ ಪಾಠ ಮಾಡಿದವನು. 'ಮಾನ್ಯರೇ' ಎಂದು ತೊಡಗಿ 'ತಮ್ಮ ವಿಧೇಯ' ಎಂದು ಮುಗಿಯುವ ಒಕ್ಕಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಸಣ್ಣ ಅಹಂಕಾರವೂ ನನಗಿತ್ತು. ಹದಿನೇಳು ಕಾಗದಗಳು ಕೂಡಿದವು. ಪಂಚಾಯತಿನ ನಿರಾಕ್ಷೇಪಣಾ ಪತ್ರ, ಪೊಲೀಸರದ್ದು, ಮನೆಯ ಒಡೆತನಕ್ಕೆ ಪಂಚಾಯತು ಕೊಡುವ ನೈನ್ ಇಲೆವೆನ್ ಖಾತೆ, ಮನೆ ತೆರಿಗೆಯ ರಶೀದಿ, ಕೋಣೆಗಳ, ಶೌಚಾಲಯದ ಫೋಟೋಗಳು. ಪ್ರೇಮಕ್ಕ ಅವನ್ನೆಲ್ಲ ಅಂಚಿಗೆ ಅಂಚು ಕೂಡಿಸಿ, ಬೀಡಿಯ ಕಟ್ಟಿಗೆ ಸುತ್ತುವ ತೆಳ್ಳನೆಯ ನೂಲಿನಿಂದಲೇ ಕಟ್ಟಿದರು. ಆನ್‌ಲೈನಿನಲ್ಲಿ ಹಾಕಿದ ಮೇಲೂ ಒಂದು ಪ್ರತಿಯನ್ನು ಕೈಯಲ್ಲಿ ತಂದು ಕೊಡಬೇಕೆಂದು ಕಚೇರಿಯವನು ಹೇಳಿದ್ದ. ಕಚೇರಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಕಚೇರಿಗಳು ತಮಗೆ ಸಂಬಂಧವಿಲ್ಲವೆಂದು ನಿಶ್ಚಿಂತವಾಗಿಬಿಡುತ್ತವೆ.

ಒಂದು ತಿಂಗಳ ನಂತರ ಕೇಳಲು ಹೋದಾಗ ಗುಮಾಸ್ತ ಹೇಳಿದ್ದು ಮೂರೇ ಮಾತು. "ಸರಿ ಮಾಡಿ ತನ್ನಿ."

ಯಾವುದನ್ನು ಎಂದು ಪ್ರೇಮಕ್ಕ ಕೇಳಲಿಲ್ಲ. ಇದನ್ನು ಮೂರ್ಖತನವೆಂದು ತಿಳಿಯುವವರು ಬೀಡಿಯ ಬ್ರಾಂಚನ್ನು, ಎಂದರೆ ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿಯನ್ನು ಕೊಳ್ಳುವ ಕಂಪೆನಿಯ ಕೇಂದ್ರವನ್ನು, ನೋಡಿದವರಲ್ಲ. ಅಲ್ಲಿ ಕಟ್ಟಿ ತಂದ ಬೀಡಿಯನ್ನು ಚೆಕ್ಕರ್ ಎಂಬವನು ಪರೀಕ್ಷಿಸುತ್ತಾನೆ. ಇಪ್ಪತ್ತೈದರ ಒಂದು ಕಟ್ಟಿನಲ್ಲಿ ಎರಡು ಬೀಡಿ ಸಡಿಲವಾಗಿ ಕಂಡರೆ ಇಡೀ ಕಟ್ಟನ್ನೇ ಬದಿಗೆ ಬಿಸಾಡುತ್ತಾನೆ. ಯಾವ ಎರಡು ಎಂದು ಕೇಳಿದವಳಿಗೆ ಮರುದಿನ ಎಲೆಯೇ ಸಿಕ್ಕದು. ಬಾಯಿ ಮುಚ್ಚಿ ಮನೆಗೆ ಬಂದು ಹೊಸ ಕಟ್ಟು ಕಟ್ಟುವುದು, ತಪ್ಪು ತನ್ನ ಕೈಯದೇ ಎಂದು ನಂಬುವುದು: ಪ್ರೇಮಕ್ಕ ಹದಿನೈದನೆಯ ವಯಸ್ಸಿನಿಂದ ಕಲಿತ ವಿದ್ಯೆ ಇದು. ಹಾಗಾಗಿ ಅವರು ಹದಿನೇಳೂ ಕಾಗದಗಳು ಕೆಟ್ಟವೆಂದು ತೀರ್ಮಾನಿಸಿ ಎಲ್ಲವನ್ನೂ ಮೊದಲಿನಿಂದ ಮಾಡಿಸಿದರು. ಪಂಚಾಯತಿಗೆ ಮತ್ತೆ ಅರ್ಜಿ, ಠಾಣೆಗೆ ಮತ್ತೆ ಅಲೆದಾಟ, ಕೋಣೆಗಳಿಗೆ ಮತ್ತೆ ಸುಣ್ಣ, ಮತ್ತೆ ಫೋಟೋ. ಎರಡನೆಯ ಕಟ್ಟು ಹೋಯಿತು. "ಸರಿ ಮಾಡಿ ತನ್ನಿ." ಮೂರನೆಯದು ಹೋಯಿತು. ನಾಲ್ಕನೆಯದು ಹೋಯಿತು.

ಹೀಗೆ ಎರಡು ವರ್ಷ ಕಳೆದವು. ಅಷ್ಟು ಕಾಲ ನಾನೇನು ಮಾಡುತ್ತಿದ್ದೆ? ನನ್ನ ಮೇಲೂ ನನಗೆ ಮೈಯುರಿಯುವಷ್ಟು ಕೋಪವಿದೆ. ಅಕ್ಷರ ದುಂಡಗಿಲ್ಲವೇನೋ ಎಂದು ಒಮ್ಮೆ ಅರ್ಜಿಯನ್ನು ಟೈಪು ಮಾಡಿಸಿದೆ. ವಿನಯ ಕಡಿಮೆಯಾಯಿತೇನೋ ಎಂದು ಮತ್ತೊಮ್ಮೆ 'ದಯಾಪೂರ್ವಕವಾಗಿ' ಎಂಬ ಪದವನ್ನು ಎರಡು ಕಡೆ ಸೇರಿಸಿದೆ. "ಇನ್ನೊಮ್ಮೆ ಕೊಡುವ ಪ್ರೇಮಕ್ಕ, ತಾಳ್ಮೆ ಬೇಕು" ಎಂದು ಕಾಫಿ ಕುಡಿಯುತ್ತ ಉಪದೇಶ ಮಾಡಿದೆ. ತಾಳ್ಮೆಯ ಬೆಲೆ ತೆರುತ್ತಿದ್ದವರು ಅವರು. ಮೂರನೆಯ ಕಟ್ಟಿಗೂ ಅದೇ ಮಾತು ಬಂದ ವಾರ ನಾನು ಮುಂಡಾಜೆಗೆ ಹೋದಾಗ ತಡ್ಪೆ ಅಟ್ಟದಿಂದ ಕೆಳಗಿಳಿದಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆಮ್ಮು ಬಂದಾಗ ಹೊಗೆಸೊಪ್ಪು ಹಾರದಂತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಪ್ರೇಮಕ್ಕ ಮತ್ತೆ ಬೀಡಿ ಕಟ್ಟುತ್ತಿದ್ದರು. ಧರ್ಣಪ್ಪ ನನ್ನ ಮುಖ ನೋಡದೆ ರಸ್ತೆಯನ್ನು ನೋಡುತ್ತಿದ್ದರು. ನಾನು ಚಹಾ ಬೇಡವೆಂದು ಹೇಳಿ ಹೊರಟುಬಂದೆ.

ಐದನೆಯ ಕಟ್ಟನ್ನು ಕೊಡಲು ಹೋದ ದಿನ ನಾನೂ ಜೊತೆಗಿದ್ದೆ. ಪ್ರೇಮಕ್ಕನ ನಡಿಗೆ ಸ್ವಲ್ಪ ಎಡಕ್ಕೆ ವಾಲಿದ್ದು, ವರ್ಷಗಟ್ಟಲೆ ಕಾಲು ಮಡಚಿ ಕೂತದ್ದರ ಫಲ. ಆದರೆ ವೇಗಕ್ಕೇನೂ ಕೊರತೆಯಿಲ್ಲ, ಕಚೇರಿಯ ಮೆಟ್ಟಿಲುಗಳಲ್ಲಿ ನಾನೇ ಹಿಂದೆ ಬಿದ್ದೆ. ಗುಮಾಸ್ತ ಫೋನಿನಲ್ಲಿ ಏನೋ ನೋಡುತ್ತಿದ್ದ. ಮೇಜಿನ ಮೇಲಿಟ್ಟ ಕಟ್ಟನ್ನು ಬಿಚ್ಚಲೂ ಇಲ್ಲ. ಒಂದೇ ಬೆರಳಿನಿಂದ ಅದನ್ನು ಅವರ ಕಡೆಗೆ ತಳ್ಳಿ ಅದೇ ಮಾತು ಹೇಳಿದ.

ಆಗ ಅವರ ಬೆರಳುಗಳು ನಿಂತವು.

"ನೀವು ನೂಲೇ ಬಿಚ್ಚಲಿಲ್ಲ ಸರ್," ಎಂದರು ಪ್ರೇಮಕ್ಕ. ಧ್ವನಿ ಏರಿರಲಿಲ್ಲ. "ಬ್ರಾಂಚಿನ ಚೆಕ್ಕರ್ ಆದ್ರೂ ಕೈಯಲ್ಲಿ ಹಿಡಿದು ನೋಡ್ತಿದ್ದ."

"ಎಂತಮ್ಮ, ಜಾಸ್ತಿ ಮಾತಾಡ್ತೀರಲ್ಲ?"

"ಮಾತಾಡ್ತೇನೆ. ಎರಡು ವರ್ಷದ್ದು ಬಾಕಿ ಉಂಟು. ನಮ್ಮ ಬ್ರಾಂಚಿನಲ್ಲಿ ಬಿಸಾಡಿದ ಬೀಡಿಯನ್ನು ನಮಗೆ ವಾಪಸ್ ಕೊಡ್ತಿರಲಿಲ್ಲ, ಗೊತ್ತುಂಟಾ? ಹಾಳಾದದ್ದು ಅಂತ ಹೇಳಿ ಅವ್ರೇ ಇಟ್ಕೊಳ್ತಿದ್ರು. ಮತ್ತೆ ಅದನ್ನೂ ಮಾರ್ತಿದ್ರು. ನಾನು ಬಾಯಿ ಬಿಡಲಿಲ್ಲ. ಅದು ಅಲ್ಲಿಗೆ ಆಯ್ತು. ಈಗ ನನ್ನ ನಾಲ್ಕು ಕಟ್ಟು ನಿಮ್ಮ ಹತ್ರ ಉಂಟು. ಅದನ್ನು ನನಗೆ ವಾಪಸ್ ಕೊಡಿ. ಯಾವುದು ಸರಿ ಇಲ್ಲ ಅಂತ ನಾನೇ ನೋಡ್ತೇನೆ."

"ಅದೆಲ್ಲ ಹುಡುಕ್ಲಿಕ್ಕೆ ಆಗುದಿಲ್ಲ."

"ನನ್ನ ರಿಟರ್ನು ತಗೊಳ್ಲಿಕ್ಕೆ ಸರಕಾರಕ್ಕೆ ಆಗ್ತದೆ. ನನ್ನ ಕೋಣೆ ಮಾತ್ರ ಆಗುದಿಲ್ವಾ? ಹುಡುಕಿ. ನಾನು ಇಲ್ಲೇ ಕೂತ್ಕೊಳ್ತೇನೆ."

ಕೂತರು. ಬೆಂಚಿನ ಮೇಲಲ್ಲ, ಅವನ ಮೇಜಿನ ಎದುರು, ನೆಲದ ಮೇಲೆ, ತಡ್ಪೆಯ ಮುಂದೆ ಕೂರುವಂತೆ ಕಾಲು ಮಡಚಿ. ಕಚೇರಿಗೆ ಬಂದವರೆಲ್ಲ ಅವರನ್ನು ಸುತ್ತಿಕೊಂಡು ನಡೆಯಬೇಕಾಯಿತು. ಮೊದಲ ಅರ್ಧ ಗಂಟೆ ಗುಮಾಸ್ತ ನಕ್ಕ, ಎರಡನೆಯ ಅರ್ಧ ಗಂಟೆ ಗದರಿದ. ಗದ್ದಲಕ್ಕೆ ಒಳಕೋಣೆಯ ಮೇಲಧಿಕಾರಿಣಿ ಹೊರಗೆ ಬಂದರು. ಊರಿಗೆ ಹೊಸಬರು, ಭವ್ಯಶ್ರೀ ಎಂದು ಹೆಸರು. ಅವರು ವಿಷಯ ಕೇಳಿ, ಗುಮಾಸ್ತನನ್ನು ಬಿಟ್ಟು, ತಾವೇ ಕಪಾಟು ತೆರೆದರು.

ನಾಲ್ಕೂ ಕಟ್ಟುಗಳು ಅಲ್ಲಿದ್ದವು, ಒಂದರ ಮೇಲೊಂದು. ಮೂರರ ನೂಲು ಹಾಗೆಯೇ ಇತ್ತು. ಮೊದಲನೆಯದನ್ನು ಮಾತ್ರ ಯಾರೋ ಬಿಚ್ಚಿ ನೋಡಿ, ಅದರ ಮೇಲೆ ಒಂದು ಚೀಟಿ ಅಂಟಿಸಿದ್ದರು. ಭವ್ಯಶ್ರೀ ಅದನ್ನು ಓದಿ ನನ್ನ ಕೈಗೆ ಕೊಟ್ಟರು. ಎರಡು ವರ್ಷದ ಹಿಂದಿನ ತಾರೀಕು, ಗುಮಾಸ್ತನ ಸಹಿ, ಒಂದು ಸಾಲು: 'ಖಾತೆ ಗಂಡನ ಹೆಸರಿನಲ್ಲಿದೆ. ಗಂಡನ ಒಪ್ಪಿಗೆಪತ್ರ ಬೇಕು. ಉಳಿದೆಲ್ಲ ಸರಿ ಇದೆ.'

ಒಂದು ಸಹಿ. ಅದನ್ನು ಹಾಕಬೇಕಾದ ಮನುಷ್ಯ ಎರಡು ವರ್ಷವೂ ಅದೇ ಮನೆಯ ಜಗಲಿಯಲ್ಲಿ ಕೈಗೆಟುಕುವಂತೆ ಕೂತಿದ್ದರು. ಗುಮಾಸ್ತನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೊಸ ಹೊಸ ಹದಿನೇಳು ಕಾಗದ ಹೊತ್ತು ತಂದ ಹೆಂಗಸನ್ನು ನಾಲ್ಕು ಸಲ ಹಾಗೆಯೇ ಹಿಂದೆ ಕಳಿಸಿ, ಐದನೆಯ ಸಲವೂ ಕಳಿಸಲು ಹೊರಟಿದ್ದ. ಯಾಕೆ ಹೇಳಲಿಲ್ಲವೆಂದು ನಾನು ಕೂಗಿದೆ. ಆ ವಯಸ್ಸಿನಲ್ಲಿ, ಅಷ್ಟು ಜನರೆದುರು. ಅವನು ನಿಜವಾಗಿಯೂ ಆಶ್ಚರ್ಯಪಟ್ಟವನಂತೆ, "ಅವರು ಕೇಳಲೇ ಇಲ್ಲ ಸರ್," ಎಂದ. ಲಂಚಕ್ಕಾಗಿ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹೇಳುವುದಕ್ಕೆ ಒಂದು ವಾಕ್ಯದ ಶ್ರಮವಾಗುತ್ತದೆಂದು ಅವನು ಹೇಳಿರಲಿಲ್ಲ, ಅಷ್ಟೆ.

ಧರ್ಣಪ್ಪ ಅಂದು ಮಧ್ಯಾಹ್ನವೇ ರಿಕ್ಷಾದಲ್ಲಿ ಬಂದು ಸಹಿ ಹಾಕಿದರು. ಹದಿನೆಂಟು ದಿನಗಳಲ್ಲಿ ನೋಂದಣಿಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತೂಗಿಸಿದ್ದಾರೆ. ಅದರ ಪಕ್ಕದಲ್ಲೇ, ಅಷ್ಟೇ ಅಂದವಾಗಿ ಚೌಕಟ್ಟು ಹಾಕಿಸಿದ ಆ ಚೀಟಿಯ ಪ್ರತಿಯೂ ತೂಗುತ್ತಿದೆ. ಕಚೇರಿಯ ಮೊಹರು ಹಾಕಿಸಿಕೊಂಡೇ ಅದನ್ನು ತಂದಿದ್ದರು. ತಂಗಲು ಬಂದವರು ಇದೇನೆಂದು ಕೇಳಿದರೆ ಪ್ರೇಮಕ್ಕ ಬೆಲ್ಲ, ನೀರು ಕೊಟ್ಟು ಪೂರ್ತಿ ಕಥೆ ಹೇಳುತ್ತಾರೆ. ತಡ್ಪೆ ಮತ್ತೆ ಅಟ್ಟ ಸೇರಿದೆ. ಕೆಮ್ಮು ಸೇರಿಲ್ಲ, ಅದು ಕೆಳಗೇ ಉಳಿದಿದೆ.

ನೋಂದಣಿಪತ್ರ ಬಂದ ದಿನ ನಾನು ಸಂತೋಷದಿಂದ ಏನೋ ದೊಡ್ಡ ಮಾತು ಆಡಲು ಹೊರಟಿದ್ದೆ. ನ್ಯಾಯ, ಗೆಲುವು ಎಂದೆಲ್ಲ. ಅವರು ಕೆಮ್ಮು ಮುಗಿಯುವವರೆಗೆ ಕೈಯೆತ್ತಿ ನನ್ನನ್ನು ತಡೆದು, ಕೇಳಿದರು: "ಮಾಷ್ಟ್ರೇ, ಈ ಎರಡು ವರ್ಷ ವಾಪಸ್ ಬೇಕು ಅಂತ ಅರ್ಜಿ ಯಾವ ಕಚೇರಿಗೆ ಕೊಡುದು?"

ನಾನು ಇಂಥವರನ್ನು ಈ ತಾಲೂಕಿನುದ್ದಕ್ಕೂ ನೋಡಿದ್ದೇನೆ, ಕಚೇರಿಗಳ ಬೆಂಚುಗಳ ಮೇಲೆ, ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ಕೂತವರನ್ನು. ಕಾನೂನನ್ನು ನಿಜವಾಗಿ ಪಾಲಿಸುವವರು ಅವರು ಮಾತ್ರ. ಮುಚ್ಚು ಎಂದರೆ ಮುಚ್ಚುತ್ತಾರೆ, ಬರೆ ಎಂದರೆ ಬರೆಯುತ್ತಾರೆ, ಸರಿಯಿಲ್ಲ ಎಂದರೆ ತಪ್ಪು ತಮ್ಮದೇ ಇರಬೇಕೆಂದು ಮನೆಗೆ ಹೋಗಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡುತ್ತಾರೆ. ಅವರ ಈ ಮರ್ಯಾದೆಯ ಮೇಲೆಯೇ ನಮ್ಮ ಎಷ್ಟೋ ಕುರ್ಚಿಗಳು ನೆಮ್ಮದಿಯಾಗಿ ನಿಂತಿವೆ. ನಾವು, ಅಕ್ಷರ ಬಲ್ಲವರು, ಅವರಿಗೆ ತಾಳ್ಮೆ ಕಲಿಸಿದೆವು. ಅವರಲ್ಲಿ ಅದು ಮೊದಲೇ ಬೇಕಾದಷ್ಟಿತ್ತು. ಕಲಿಸಬೇಕಾಗಿದ್ದದ್ದು 'ಯಾವುದು ಸರಿ ಇಲ್ಲ?' ಎಂಬ ಒಂದು ಪ್ರಶ್ನೆಯನ್ನು. ಅದನ್ನು ಪ್ರೇಮಕ್ಕ ನೆಲದ ಮೇಲೆ ಕೂತು ತಾವೇ ಕಲಿತರು, ನಾನು ಪಕ್ಕದಲ್ಲಿ ನಿಂತು ನೋಡಿದೆ.